ಗಲ್ಲು ಬೇಕಾ, ಬೇಡವಾ? ಕರಾವಳಿಯಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಮಂಗಳೂರು, ಉಡುಪಿ ಕಡೆ ಕಾಲೇಜುಗಳಲ್ಲಿ, ಯುವಕ ಮಂಡಲಗಳಲ್ಲಿ ಕಾನೂನಿನ ಬಗ್ಗೆ ಮಾತಾಡಲು ಆಗಾಗ ಕರೆಯುತ್ತಾರೆ. ಮೋಟಾರು ವಾಹನ ಕಾಯ್ದೆ ಅಂತ ಶುರು ಮಾಡಿದರೂ ಕೊನೆಗೆ ಪ್ರಶ್ನೆ ಬಂದು ನಿಲ್ಲುವುದು ಗಲ್ಲಿನ ಬುಡಕ್ಕೇ. ಹಾಗೆ ಮತ್ತೆ ಮತ್ತೆ ಕೇಳಿದವನ್ನು ಇಲ್ಲಿ ಬರೆದಿದ್ದೇನೆ. ಕೆಲವಕ್ಕೆ ಉತ್ತರ ಉದ್ದ, ಕೆಲವಕ್ಕೆ ಎರಡೇ ಮಾತು.

ಮಂಗಳೂರು ಜೈಲಿನಲ್ಲಿ ಗಲ್ಲಿಗೇರಿಸುವ ಜಾಗ ಉಂಟಾ?

ಇಲ್ಲ. ಕೊಡಿಯಾಲ್‌ಬೈಲಿನ ಜೈಲಿನಲ್ಲೂ ಇಲ್ಲ, ಉಡುಪಿಯವರ ಹಿರಿಯಡ್ಕ ಜೈಲಿನಲ್ಲೂ ಇಲ್ಲ. ಇಲ್ಲಿನ ಕೋರ್ಟು ಯಾರಿಗಾದರೂ ಗಲ್ಲು ಶಿಕ್ಷೆ ಕೊಟ್ಟರೆ, ಮಾಮೂಲಾಗಿ ಅವರನ್ನು ಕಳಿಸುವುದು ಬೆಳಗಾವಿಯ ಹಿಂಡಲಗಾ ಜೈಲಿಗೆ. ನೇಣುಗಂಬ ಇರುವುದು ಅಲ್ಲಿ. ಆದರೆ ಕರ್ನಾಟಕದಲ್ಲಿ ಯಾರನ್ನೂ ನೇಣಿಗೆ ಹಾಕದೆ ದಶಕಗಳೇ ಕಳೆದಿವೆ. ಇವತ್ತು ಪಾಠ ಕೇಳುವ ಮಕ್ಕಳ ಅಪ್ಪ ಅಮ್ಮಂದಿರು ಶಾಲೆಗೆ ಹೋಗುತ್ತಿದ್ದ ಕಾಲದ ಮಾತು ಅದು.

ದೇಶದಲ್ಲಿ ಒಟ್ಟು ಎಷ್ಟು ಜನರನ್ನು ನೇಣಿಗೆ ಹಾಕಿದ್ದಾರೆ?

2000ದಿಂದ ಈಚೆಗೆ ಎಂಟು ಜನ. 2004ರಲ್ಲಿ ಕೋಲ್ಕತ್ತಾದಲ್ಲಿ ಧನಂಜಯ ಚಟರ್ಜಿ. 2012ರಲ್ಲಿ ಪುಣೆಯ ಯರವಡಾದಲ್ಲಿ ಕಸಬ್. 2013ರಲ್ಲಿ ತಿಹಾರಿನಲ್ಲಿ ಅಫ್ಜಲ್ ಗುರು. 2015ರಲ್ಲಿ ನಾಗಪುರದಲ್ಲಿ ಯಾಕೂಬ್ ಮೆಮನ್. ಆಮೇಲೆ 2020ರ ಮಾರ್ಚ್ 20ರ ಬೆಳಗಿನ ಜಾವ, ದೆಹಲಿಯ ನಿರ್ಭಯಾ ಪ್ರಕರಣದ ನಾಲ್ವರು. ಎಣಿಸಿದರೆ ಒಂದು ರಿಕ್ಷಾ ಟೆಂಪೋದಲ್ಲಿ ಹಿಡಿಸುವಷ್ಟು ಜನ.

ಹಾಗಂತ ಶಿಕ್ಷೆ ವಿಧಿಸುವುದು ನಿಂತಿಲ್ಲ. ಕೆಳ ಕೋರ್ಟುಗಳು ವರ್ಷಕ್ಕೆ ನೂರರ ಆಸುಪಾಸು ಜನರಿಗೆ ಗಲ್ಲು ಶಿಕ್ಷೆ ಕೊಡುತ್ತವೆ. 2024ರ ಕೊನೆಗೆ ದೇಶದಲ್ಲಿ 564 ಜನ ಗಲ್ಲಿನ ಕೈದಿಗಳಾಗಿ ಜೈಲಿನಲ್ಲಿದ್ದರು. ಕೊಡುವುದಕ್ಕೂ ಜಾರಿ ಆಗುವುದಕ್ಕೂ ಮಧ್ಯೆ ಇರುವ ಈ ಅಂತರವನ್ನು ನೆನಪಿಟ್ಟುಕೊಳ್ಳಿ. ಮುಂದಿನ ಎಷ್ಟೋ ಪ್ರಶ್ನೆಗಳು ಇಲ್ಲಿಂದಲೇ ಹುಟ್ಟುತ್ತವೆ.

ಕೊಲೆ ಮಾಡಿದರೆ ಗಲ್ಲು ತಾನೇ? ಮತ್ತೆ ಜೀವಾವಧಿ ಯಾಕೆ ಕೊಡುತ್ತಾರೆ?

ಕೊಲೆಗೆ ಕಾನೂನಿನಲ್ಲಿ ಎರಡೂ ಶಿಕ್ಷೆ ಉಂಟು. ಹಿಂದೆ ಐಪಿಸಿ 302, 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 103. ಎರಡರಲ್ಲಿ ಜೀವಾವಧಿಯೇ ಮಾಮೂಲಿ. ಗಲ್ಲು ಕೊಡುವ ನ್ಯಾಯಾಧೀಶರು ಯಾಕೆ ಕೊಟ್ಟೆ ಅನ್ನುವುದಕ್ಕೆ ವಿಶೇಷ ಕಾರಣ ಬರೆಯಬೇಕು. 1980ರ ಬಚನ್ ಸಿಂಗ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಇನ್ನೂ ಬಿಗಿ ಮಾಡಿತು: ಅಪರೂಪದಲ್ಲಿ ಅಪರೂಪದ ಪ್ರಕರಣಕ್ಕೆ ಮಾತ್ರ, ಅದೂ ಬೇರೆ ದಾರಿಯೇ ಇಲ್ಲ ಅನ್ನಿಸಿದಾಗ. ಆ ಪೀಠದ ಐವರಲ್ಲಿ ನಾಲ್ವರು ಗಲ್ಲು ಇರಲಿ ಅಂದರು. ನ್ಯಾಯಮೂರ್ತಿ ಭಗವತಿ ಒಬ್ಬರೇ ಬೇಡ ಅಂದರು.

ಜನ ನೋಡುವುದು ಮಾಡಿದ ಕೆಲಸವನ್ನು ಮಾತ್ರ. ಕೋರ್ಟು ಮಾಡಿದವನನ್ನೂ ನೋಡಬೇಕು: ವಯಸ್ಸೆಷ್ಟು, ಹಿಂದೆ ಕೇಸು ಇತ್ತಾ, ಮನಸ್ಸಿನ ಸ್ಥಿತಿ ಹೇಗಿತ್ತು, ತಿದ್ದಿಕೊಳ್ಳುವ ಸಾಧ್ಯತೆ ಉಂಟಾ. ಹಾಗಾಗಿಯೇ ಉಡುಪಿಯ ಉದ್ಯಮಿಯೊಬ್ಬರನ್ನು ಕೊಂದು ಹೋಮಕುಂಡದಲ್ಲಿ ಸುಟ್ಟ 2016ರ ಪ್ರಕರಣದಲ್ಲಿ, 2021ರಲ್ಲಿ ಉಡುಪಿ ಕೋರ್ಟು ಜೀವಾವಧಿ ಕೊಟ್ಟಾಗ ಊರಿನವರಿಗೆ ಸಮಾಧಾನ ಆಗಲಿಲ್ಲ. "ಇದಕ್ಕಿಂತ ಅಪರೂಪದ್ದು ಇನ್ನೆಂಥದ್ದು ಬೇಕು ಮಾರಾಯ್ರೆ?" ಅಂತ ನನ್ನನ್ನೇ ಕೇಳಿದವರು ಇದ್ದಾರೆ. ಅವರ ಸಿಟ್ಟು ಅರ್ಥವಾಗುತ್ತದೆ. ಆದರೆ ಸುದ್ದಿ ಎಷ್ಟು ದೊಡ್ಡದು ಅನ್ನುವುದು ಶಿಕ್ಷೆಯ ಅಳತೆ ಅಲ್ಲ.

ಸಯನೈಡ್ ಮೋಹನನನ್ನು ನೇಣಿಗೆ ಹಾಕಿದರಲ್ವಾ?

ಇಲ್ಲ. ಹಾಕಿದ್ದಾರೆ ಅಂತಲೇ ನಂಬಿದವರು ನಮ್ಮಲ್ಲಿ ಜಾಸ್ತಿ. ಬಂಟ್ವಾಳ ತಾಲೂಕಿನ ಕನ್ಯಾನದ ಈ ಪ್ರಾಥಮಿಕ ಶಾಲೆ ಮೇಷ್ಟ್ರ ಮೇಲೆ ಇಪ್ಪತ್ತು ಹೆಣ್ಣುಮಕ್ಕಳನ್ನು ಕೊಂದ ಕೇಸುಗಳು ಇದ್ದವು. ಸಿಕ್ಕಿಬಿದ್ದದ್ದು 2009ರ ಅಕ್ಟೋಬರಿನಲ್ಲಿ. 2013ರ ಡಿಸೆಂಬರಿನಲ್ಲಿ ಮಂಗಳೂರಿನ ಕೋರ್ಟು ಗಲ್ಲು ವಿಧಿಸಿತು. 2017ರಲ್ಲಿ ಹೈಕೋರ್ಟು ಅದರಲ್ಲೊಂದು ಪ್ರಕರಣದ ಗಲ್ಲನ್ನು ಸಾಯುವ ತನಕ ಜೈಲು ಅಂತ ಬದಲಾಯಿಸಿತು. ಒಂದೊಂದು ಕೊಲೆಗೆ ಒಂದೊಂದು ವಿಚಾರಣೆ ನಡೆದು, ಕೆಲವದರಲ್ಲಿ ಗಲ್ಲು, ಕೆಲವದರಲ್ಲಿ ಜೀವಾವಧಿ ಆಯಿತು. ಇಪ್ಪತ್ತನೆಯದರ ತೀರ್ಪು ಬಂದದ್ದು 2020ರಲ್ಲಿ.

ಈ ಪ್ರಕರಣದಲ್ಲಿ ಶಿಕ್ಷೆಗಿಂತ ನನ್ನನ್ನು ಕಾಡುವುದು ಬೇರೆ. ವರದಕ್ಷಿಣೆ ಇಲ್ಲದೆ ಮದುವೆ ಆಗುತ್ತೇನೆ ಅಂತ ನಂಬಿಸಿ ದೂರದ ಪೇಟೆಗೆ ಕರಕೊಂಡು ಹೋಗುತ್ತಿದ್ದ. ಲಾಡ್ಜಿನಲ್ಲಿ ರಾತ್ರಿ ಉಳಿದು, ಬೆಳಿಗ್ಗೆ ಬಸ್ ಸ್ಟ್ಯಾಂಡಿಗೆ ಕರೆತಂದು, ಗರ್ಭ ನಿಲ್ಲದ ಹಾಗೆ ಮಾಡುವ ಮಾತ್ರೆ ಅಂತ ಹೇಳಿ ಸಯನೈಡ್ ಕೊಡುತ್ತಿದ್ದ. ವಾಂತಿ ಬಂದೀತು, ಶೌಚಾಲಯಕ್ಕೆ ಹೋಗಿ ತಿನ್ನು ಅನ್ನುತ್ತಿದ್ದ. ಆಕೆಯ ಒಡವೆ ಲಾಡ್ಜಿನಲ್ಲೇ ಬಿಟ್ಟಿರುತ್ತಿತ್ತು. ಒಂದೊಂದು ಊರಿನ ಪೊಲೀಸರು ಒಂದೊಂದು ಗುರುತು ಸಿಗದ ಹೆಣ ಅಂತ, ಅಸಹಜ ಸಾವು ಅಂತ ಬರೆದು ಫೈಲು ಮುಚ್ಚಿದರು. ಇತ್ತ ಊರಲ್ಲಿ ಮನೆಯವರು ಮರ್ಯಾದೆಗೆ ಅಂಜಿ ದೂರು ಕೊಡಲಿಲ್ಲ. ಬಂಟ್ವಾಳದ ಬರಿಮಾರಿನ ಹುಡುಗಿ ಕಾಣೆಯಾದಾಗ, ಬೇರೆ ಧರ್ಮದವನ ಜೊತೆ ಓಡಿಹೋಗಿದ್ದಾಳೆ ಅನ್ನುವ ಗುಮಾನಿಯಿಂದ ಗಲಾಟೆ ಎದ್ದಿತು. ಆ ಒತ್ತಡಕ್ಕೇ ಪೊಲೀಸರು ಫೋನ್ ಕರೆಗಳ ಜಾಡು ಹಿಡಿದು ಕೂತರು, ಎಳೆ ಸಿಕ್ಕಿತು. ಅಷ್ಟೂ ವರ್ಷ ಗಲ್ಲು ಶಿಕ್ಷೆ ಕಾನೂನು ಪುಸ್ತಕದಲ್ಲಿ ಇದ್ದೇ ಇತ್ತು. ಕಾಣೆಯಾದ ಬಡವರ ಮಗಳನ್ನು ಹುಡುಕುವ ಮನಸ್ಸು ಮಾತ್ರ ಇರಲಿಲ್ಲ.

ಗಲ್ಲು ಖಾಯಂ ಆದ ಮೇಲೂ ಬಿಟ್ಟುಬಿಡುತ್ತಾರಲ್ಲ, ಅದು ಹೇಗೆ?

ಈ ಪ್ರಶ್ನೆ ಕೇಳುವವರ ಮನಸ್ಸಿನಲ್ಲಿ ಸಾಮಾನ್ಯವಾಗಿ ಇರುವುದು ವಾಮಂಜೂರು ಪ್ರಕರಣ. ಅದನ್ನೇ ಹಿಡಿದು ಹೇಳುತ್ತೇನೆ.

1994ರ ಫೆಬ್ರವರಿಯಲ್ಲಿ ವಾಮಂಜೂರಿನ ಒಂದು ಮನೆಯಲ್ಲಿ ರಾತ್ರಿ ನಾಲ್ವರ ಕೊಲೆಯಾಯಿತು. ಮಾಡಿದವನು ಸಂಬಂಧಿಕನೇ. ಮಂಗಳೂರು ಕೋರ್ಟಿನ ಗಲ್ಲು ಶಿಕ್ಷೆ ಬಂದದ್ದು 2002ರಲ್ಲಿ. ಸೆಷನ್ಸ್ ಕೋರ್ಟು ಗಲ್ಲು ಕೊಟ್ಟರೆ ಕೈದಿ ಮೇಲ್ಮನವಿ ಹಾಕಲಿ ಬಿಡಲಿ, ಫೈಲು ತಾನಾಗಿ ಹೈಕೋರ್ಟಿಗೆ ಹೋಗಲೇಬೇಕು. ಹೈಕೋರ್ಟು ಎತ್ತಿ ಹಿಡಿಯಿತು. ಸುಪ್ರೀಂ ಕೋರ್ಟೂ 2003ರಲ್ಲಿ ಎತ್ತಿ ಹಿಡಿಯಿತು. ಅಲ್ಲಿಗೆ ಕೋರ್ಟಿನ ಲೆಕ್ಕ ಮುಗಿಯಿತು. ಉಳಿದದ್ದು ಕ್ಷಮಾದಾನದ ಅರ್ಜಿ: ಸಂವಿಧಾನದ 161ರ ಪ್ರಕಾರ ರಾಜ್ಯಪಾಲರಿಗೆ, 72ರ ಪ್ರಕಾರ ರಾಷ್ಟ್ರಪತಿಗೆ. ರಾಷ್ಟ್ರಪತಿಗೆ ಹೋದ ಅರ್ಜಿ ಒಂಬತ್ತು ವರ್ಷಕ್ಕೂ ಮೇಲೆ ಅಲ್ಲೇ ಕೂತಿತು. 2013ರಲ್ಲಿ ತಿರಸ್ಕಾರ ಆಯಿತು. ಅಷ್ಟರಲ್ಲಿ ಅವನೂ, ಅವನಂಥ ಬೇರೆ ರಾಜ್ಯದವರೂ ಸುಪ್ರೀಂ ಕೋರ್ಟಿಗೆ ಹೋಗಿದ್ದರು. 2014ರ ಜನವರಿಯ ಶತ್ರುಘ್ನ ಚೌಹಾಣ್ ತೀರ್ಪಿನಲ್ಲಿ ಹದಿನೈದು ಜನರ ಗಲ್ಲು ಒಟ್ಟಿಗೆ ಜೀವಾವಧಿಯಾಯಿತು. ವಾಮಂಜೂರಿನವನೂ ಅದರಲ್ಲಿದ್ದ. ಪಾಲಾರ್ ಬಾಂಬ್ ಸ್ಫೋಟದ ವೀರಪ್ಪನ್ ಸಹಚರರು ನಾಲ್ವರೂ ಇದ್ದರು. ಆ ನಾಲ್ವರಿಗೆ ಮೈಸೂರಿನ ಟಾಡಾ (ಭಯೋತ್ಪಾದನೆ ತಡೆ ಕಾಯ್ದೆ) ಕೋರ್ಟು ಕೊಟ್ಟಿದ್ದದ್ದು ಜೀವಾವಧಿ. 2004ರಲ್ಲಿ ಸುಪ್ರೀಂ ಕೋರ್ಟೇ ಅದನ್ನು ಗಲ್ಲಿಗೆ ಏರಿಸಿತ್ತು, ಹತ್ತು ವರ್ಷ ಕಳೆದು ಅದೇ ಕೋರ್ಟು ಇಳಿಸಿತು.

ಕೋರ್ಟಿನ ಮಾತು ಇಷ್ಟೇ: ಕೈದಿಯ ತಪ್ಪಿಲ್ಲದೆ ಸರ್ಕಾರ ಅರ್ಜಿಯನ್ನು ವರ್ಷಗಟ್ಟಲೆ ಇಟ್ಟುಕೊಂಡರೆ, ಇವತ್ತೋ ನಾಳೆಯೋ ಅಂತ ಪ್ರತಿ ಬೆಳಿಗ್ಗೆ ಸಾವು ಕಾಯುವುದೇ ಒಂದು ಶಿಕ್ಷೆ. ಅದರ ಮೇಲೆ ನೇಣೂ ಹಾಕಿದರೆ ಎರಡು ಶಿಕ್ಷೆ ಆಯಿತು. 2022ರ ನವೆಂಬರಿನಲ್ಲಿ ಬೆಂಗಳೂರಿನ ಅತ್ಯಾಚಾರ, ಕೊಲೆ ಪ್ರಕರಣದ ಉಮೇಶ್ ರೆಡ್ಡಿಯ ಗಲ್ಲು ರದ್ದಾದದ್ದೂ ಇಂಥದ್ದೇ ಕಾರಣಕ್ಕೆ. ಬೆಳಗಾವಿಯಲ್ಲಿ ಅವನನ್ನು ಸುಮಾರು ಹತ್ತು ವರ್ಷ ಒಂಟಿ ಕೋಣೆಯಲ್ಲಿ ಇಟ್ಟಿದ್ದರು. ಕ್ಷಮೆಯ ಅರ್ಜಿ ಬಾಕಿ ಇರುವಾಗ ಹಾಗೆ ಇಡುವುದು ಕಾನೂನಿಗೆ ವಿರುದ್ಧ.

ಇನ್ನೊಂದು ಕಡೆಯಿಂದ ನೋಡಿ. ವಾಮಂಜೂರಿನ ಆ ಕುಟುಂಬದವರು 1994ರಿಂದ ಸುದ್ದಿಗೆ ಕಾಯುತ್ತಾ ಕೂತರು. ಗಲ್ಲು ಅಂದರು, ಖಾಯಂ ಅಂದರು, ತಿರಸ್ಕಾರ ಅಂದರು, ಆಮೇಲೆ ಇಲ್ಲ ಅಂದರು. 2022ರಲ್ಲಿ ಸನ್ನಡತೆಯ ಮೇಲೆ ಅವನನ್ನು ಬಿಡುತ್ತಾರಂತೆ ಅನ್ನುವ ಸುದ್ದಿ ಬಂದಾಗ, ಬಿಡಬೇಡಿ ಅಂತ ಮನೆಯವರು ಮತ್ತೆ ಅರ್ಜಿ ಹಿಡಿದು ಅಧಿಕಾರಿಗಳ ಬಾಗಿಲಿಗೆ ಹೋದರು. ಮೊದಲೇ "ಇಷ್ಟು ವರ್ಷ ಬಿಡುವ ಹಾಗಿಲ್ಲ" ಅಂತ ಒಂದು ಗಟ್ಟಿ ಜೀವಾವಧಿ ಕೊಟ್ಟಿದ್ದರೆ ಈ ಅಲೆದಾಟ ಇರುತ್ತಿತ್ತಾ? ನನ್ನ ಪ್ರಕಾರ ಗಲ್ಲು ಶಿಕ್ಷೆ ಅತಿ ಹೆಚ್ಚು ಸತಾಯಿಸುವುದು ಸತ್ತವರ ಮನೆಯವರನ್ನೇ.

ಜೀವಾವಧಿ ಅಂದರೆ 14 ವರ್ಷ ಅಲ್ವಾ? ಅದಕ್ಕೇ ಅಲ್ವಾ ಜನ ಗಲ್ಲು ಕೇಳುವುದು?

ಅರ್ಧ ಜನ ಅದಕ್ಕೇ ಕೇಳುವುದು ಅಂತ ನನಗೂ ಅನ್ನಿಸುತ್ತದೆ. ಆದರೆ 14 ವರ್ಷ ಅನ್ನುವುದು ತಪ್ಪು ತಿಳುವಳಿಕೆ. ಜೀವಾವಧಿ ಅಂದರೆ ಜೀವ ಇರುವ ತನಕ. ಕೊಲೆಯಂಥ ಪ್ರಕರಣದಲ್ಲಿ 14 ವರ್ಷ ಮುಗಿಯುವ ಮೊದಲು ಬಿಡುಗಡೆಯ ಯೋಚನೆಯನ್ನೇ ಮಾಡುವ ಹಾಗಿಲ್ಲ, ಅಷ್ಟೇ. ಆಮೇಲೆ ಬಿಡುವುದು ಬಿಡದಿರುವುದು ಸರ್ಕಾರದ ಕೈಲಿ.

ಇದರಲ್ಲಿ ನಮ್ಮ ರಾಜ್ಯದ್ದೇ ಒಂದು ಪ್ರಕರಣ ದೊಡ್ಡ ತಿರುವು ತಂದಿತು. ಬೆಂಗಳೂರಿನಲ್ಲಿ ಹೆಂಡತಿಯನ್ನು ಕೊಂದು ಮನೆಯ ಅಂಗಳದಲ್ಲೇ ಹೂತು, ಅದರ ಮೇಲೆ ಪಾರ್ಟಿ ಮಾಡುತ್ತಿದ್ದ ಶ್ರದ್ಧಾನಂದನ ಪ್ರಕರಣ. 2008ರಲ್ಲಿ ಸುಪ್ರೀಂ ಕೋರ್ಟು ಗಲ್ಲು ತೆಗೆದು, ಇವನನ್ನು ಯಾವತ್ತೂ ಬಿಡಬಾರದು ಅಂತ ಬರೆಯಿತು. ಅಲ್ಲಿಂದ 20, 25, 30 ವರ್ಷ ರಿಯಾಯಿತಿ ಇಲ್ಲದ ಜೈಲು ಅನ್ನುವ ನಡುದಾರಿ ಹುಟ್ಟಿತು. 2015ರಲ್ಲಿ ಸಂವಿಧಾನ ಪೀಠವೂ ಇದನ್ನು ಒಪ್ಪಿತು. ಕಾಲೇಜಿನಲ್ಲಿ ಇದನ್ನು ವಿವರಿಸಿದ ಮೇಲೆ "ಈಗಲೂ ಗಲ್ಲೇ ಬೇಕು ಅನ್ನುವವರು ಕೈ ಎತ್ತಿ" ಅಂದರೆ ಕೈಗಳು ಕಡಿಮೆ ಆಗುತ್ತವೆ. ಎಲ್ಲವೂ ಇಳಿಯುವುದಿಲ್ಲ, ಅದೂ ನಿಜ.

ನಮ್ಮ ಕರಾವಳಿಯ ಜನ ಗಲ್ಲಿನ ಪರವಾ, ವಿರೋಧವಾ?

ದಿನ ನೋಡಿ ಹೇಳಬೇಕು.

2023ರ ದೀಪಾವಳಿಯ ದಿನ ಉಡುಪಿಯ ನೇಜಾರಿನಲ್ಲಿ ತಾಯಿ ಮತ್ತು ಮೂವರು ಮಕ್ಕಳ ಕೊಲೆಯಾಯಿತು. ಆರೋಪಿಯನ್ನು ಸ್ಥಳ ಮಹಜರಿಗೆ ಕರೆತಂದ ದಿನ ಜನ ಮುತ್ತಿಕೊಂಡರು. ನಮ್ಮ ಕೈಗೆ ಕೊಡಿ ಅಂದರು. ಪೊಲೀಸರು ಲಾಠಿ ಬೀಸಬೇಕಾಯಿತು. ಆರೋಪಿ ತಪ್ಪಿತಸ್ಥನೋ ಅಲ್ಲವೋ ಅನ್ನುವುದು ಕೋರ್ಟಿನ ಕೆಲಸ, ನಾನು ಜನರ ಬಗ್ಗೆ ಮಾತ್ರ ಹೇಳುತ್ತಿದ್ದೇನೆ. ಅವತ್ತು ಮಲ್ಪೆಯಿಂದ ಮಣಿಪಾಲದ ತನಕ ಯಾರನ್ನು ಕೇಳಿದರೂ ಗಲ್ಲೇ ಸರಿ ಅನ್ನುತ್ತಿದ್ದರು. ಜಾತಿ ಧರ್ಮ ನೋಡದೆ ಅಂದರು, ಅದೊಂದು ನನಗೆ ಹಿಡಿಸಿತು.

2025ರ ಏಪ್ರಿಲ್‌ನಲ್ಲಿ ಮಂಗಳೂರಿನ ಕುಡುಪುವಿನಲ್ಲಿ ಕ್ರಿಕೆಟ್ ನಡೆಯುತ್ತಿದ್ದ ಮೈದಾನದ ಹತ್ತಿರ, ವಯನಾಡಿನ ಒಬ್ಬನನ್ನು ಗುಂಪೊಂದು ಹೊಡೆದು ಕೊಂದಿತು. ಹೊಸ ಸಂಹಿತೆಯ 103ರಲ್ಲೇ ಗುಂಪು ಕೊಲೆಗೆ ಬೇರೆ ಉಪಕಲಮು ಉಂಟು, ಅದಕ್ಕೂ ಗಲ್ಲಿನ ತನಕ ಶಿಕ್ಷೆ ಉಂಟು. ಆದರೆ ಗಲ್ಲಿಗೇರಿಸಿ ಅನ್ನುವ ಕೂಗು ನನ್ನ ಕಿವಿಗೆ ಬೀಳಲಿಲ್ಲ. ಬದಲಿಗೆ "ಅವನು ಏನು ಘೋಷಣೆ ಕೂಗಿದ್ದ?" ಅನ್ನುವ ಚರ್ಚೆ ಜೋರಾಗಿತ್ತು. ಸತ್ತವನಿಗೆ ಇಲ್ಲಿ ನೆಂಟರಿಲ್ಲ, ಕೊಂದವರ ಮನೆ ಇಲ್ಲೇ ಉಂಟು. ಹಾಗಾಗಿ ಇರಬಹುದು.

ಜನ ಗಲ್ಲು ಬೇಕು ಅನ್ನುವಾಗ ಹೆಚ್ಚಾಗಿ ಕೇಳುತ್ತಿರುವುದು ಬೇರೆ ಎರಡು ಸಂಗತಿ: ಬೇಗ ಮುಗಿಸಿ, ತಪ್ಪಿಸಿಕೊಳ್ಳಲು ಬಿಡಬೇಡಿ. ನೇಣು ಈ ಎರಡನ್ನೂ ಕೊಡುವುದಿಲ್ಲ. ಗಲ್ಲಿನ ಪ್ರಕರಣದಷ್ಟು ಎಳೆಯುವ, ಕೊನೆಗೆ ಏನಾಗುತ್ತದೆ ಅಂತ ಹೇಳಲಾಗದ ಪ್ರಕರಣ ಬೇರೆ ಇಲ್ಲ.

ಧರ್ಮಗಳು ಏನು ಹೇಳುತ್ತವೆ?

ಕ್ಯಾಥೊಲಿಕರದ್ದು ಈಗ ಸ್ಪಷ್ಟ. 2018ರಲ್ಲಿ ಪೋಪ್ ಫ್ರಾನ್ಸಿಸ್ ಧರ್ಮೋಪದೇಶದ ಸಾಲನ್ನೇ ತಿದ್ದಿಸಿ, ಮರಣದಂಡನೆ ಒಪ್ಪತಕ್ಕದ್ದಲ್ಲ ಅಂತ ಬರೆಸಿದರು. ಅದಕ್ಕಿಂತ ಹಿಂದೆ ಅಪರೂಪಕ್ಕೆ ಒಪ್ಪಬಹುದು ಅಂತಿತ್ತು. ಹಾಗಂತ ಬೆಂದೂರಿನಲ್ಲೋ ಶಿರ್ವದಲ್ಲೋ ಪೂಜೆ ಮುಗಿಸಿ ಹೊರಗೆ ನಿಂತವರೆಲ್ಲ ಗಲ್ಲು ಬೇಡ ಅನ್ನುತ್ತಾರೆ ಅಂತ ತಿಳಿಯಬೇಡಿ. ಇಸ್ಲಾಮಿನಲ್ಲಿ ಪ್ರಾಣಕ್ಕೆ ಪ್ರಾಣ ಉಂಟು, ಅದರ ಪಕ್ಕದಲ್ಲೇ ಕ್ಷಮೆಯೂ ಪರಿಹಾರ ಧನವೂ ಉಂಟು. ಕ್ಷಮಿಸುವ ಹಕ್ಕು ಸತ್ತವನ ವಾರಸುದಾರರದ್ದು. ನಮ್ಮ ಕಾನೂನಿನಲ್ಲಿ ಆ ಹಕ್ಕು ಕುಟುಂಬಕ್ಕೆ ಇಲ್ಲ, ರಾಜ್ಯಪಾಲರಿಗೂ ರಾಷ್ಟ್ರಪತಿಗೂ ಉಂಟು. ಮೂಡುಬಿದಿರೆ, ಕಾರ್ಕಳದ ಜೈನರ ಅಹಿಂಸೆಯ ಬಗ್ಗೆ ಹೇಳಬೇಕಾಗಿಲ್ಲ, ಆದರೆ ಹಿಂದೆ ಇಲ್ಲಿ ಆಳಿದ ಜೈನ ಅರಸರು ದಂಡವನ್ನೇನೂ ಕೈಬಿಟ್ಟವರಲ್ಲ. ಹಿಂದೂ ಶಾಸ್ತ್ರಗಳಲ್ಲಿ ರಾಜದಂಡಕ್ಕೆ ಜಾಗ ಉಂಟು, ಜಾತಿ ನೋಡಿ ಶಿಕ್ಷೆ ಹಂಚುವುದೂ ಉಂಟು.

ತುಳುನಾಡಿನಲ್ಲಿ ಇದೆಲ್ಲಕ್ಕಿಂತ ಆಳದಲ್ಲಿರುವುದು ದೈವದ ನ್ಯಾಯ. ಕೋರ್ಟಿನಲ್ಲಿ ಸೋತವರು ಕಾನತ್ತೂರಿನ ದೈವಸ್ಥಾನಕ್ಕೆ ಹೋಗಿ ದೂರು ಇಡುತ್ತಾರೆ, ಮಂಜುನಾಥನ ಮೇಲೆ ಆಣೆ ಹಾಕುತ್ತಾರೆ, ಕೊರಗಜ್ಜನಿಗೆ ಹೇಳಿಕೊಳ್ಳುತ್ತಾರೆ. ಅಲ್ಲಿ ಕೇಳುವುದು "ಅವನನ್ನು ಕೊಲ್ಲು" ಅಂತ ಅಲ್ಲ. "ಸತ್ಯ ತೋರಿಸಿಕೊಡು" ಅಂತ. ಕೋಲದಲ್ಲಿ ದೈವ ನುಡಿ ಕೊಡುವಾಗ ಎರಡೂ ಕಡೆಯವರನ್ನು ಎದುರು ನಿಲ್ಲಿಸುತ್ತದೆ, ತಪ್ಪು ಒಪ್ಪಿಸುತ್ತದೆ, ಕಾಣಿಕೆ ಹಾಕಿಸುತ್ತದೆ, ರಾಜಿ ಮಾಡಿಸುತ್ತದೆ. ಒಪ್ಪದಿದ್ದರೆ ನಾನು ನೋಡಿಕೊಳ್ಳುತ್ತೇನೆ ಅನ್ನುತ್ತದೆ. ಆ ಮಾತಿಗೆ ಇಲ್ಲಿ ಈಗಲೂ ಇರುವಷ್ಟು ಹೆದರಿಕೆ ಸೆಷನ್ಸ್ ಕೋರ್ಟಿಗೆ ಇಲ್ಲ ಅಂದರೆ ಅತಿಶಯ ಆಗಲಿಕ್ಕಿಲ್ಲ.

ಯಕ್ಷಗಾನ ನೋಡುವವರಿಗೆ ಹರಿಶ್ಚಂದ್ರನ ಕಥೆ ಗೊತ್ತೇ ಇರುತ್ತದೆ. ಕಾಶಿಯ ರಾಜಕುಮಾರನನ್ನು ಕೊಂದಳು ಅಂತ ಚಂದ್ರಮತಿಗೆ ಮರಣದಂಡನೆ. ಅವಳು ಕೊಂದಿಲ್ಲ. ತಲೆ ಕಡಿಯುವ ಕೆಲಸ ಬಂದದ್ದು ಗಂಡನ ಪಾಲಿಗೆ. ರಾತ್ರಿ ಇಡೀ ಆಟ ನೋಡಿ ಆ ಹೆಂಗಸಿಗಾಗಿ ಕಣ್ಣು ಒರೆಸಿಕೊಂಡವರು, ಬೆಳಿಗ್ಗೆ ಪೇಪರು ತೆರೆದು ಇನ್ಯಾವನನ್ನೋ ವಿಚಾರಣೆ ಇಲ್ಲದೆ ನೇಣಿಗೆ ಹಾಕಿ ಅನ್ನುವುದನ್ನು ನಾನು ನೋಡಿದ್ದೇನೆ.

ನೇಣಿಗೇರಿದವರನ್ನು ಪೂಜಿಸುವುದೂ ನಾವೇ ಅಲ್ವಾ?

ಹೌದು. 1837ರ ಅಮರ ಸುಳ್ಯ ಹೋರಾಟದಲ್ಲಿ ರೈತರು ಸುಳ್ಯದಿಂದ ನಡೆದು ಬಂದು ಮಂಗಳೂರನ್ನೇ ಹಿಡಿದು, ಬಾವುಟಗುಡ್ಡೆಯಲ್ಲಿ ತಮ್ಮ ಬಾವುಟ ಹಾರಿಸಿದರು. ಹದಿಮೂರು ದಿನ ಆಳಿದರು. ಆಮೇಲೆ ಕಂಪನಿ ಸರ್ಕಾರ ಅವರ ಮುಖಂಡರನ್ನು ಬಿಕರ್ನಕಟ್ಟೆಯಲ್ಲಿ ನೇಣಿಗೇರಿಸಿತು. ಇವತ್ತು ಕುಲಶೇಖರದ ಬಸ್ಸು ಹಿಡಿದು ಅಲ್ಲಿಂದ ದಾಟುವವರಲ್ಲಿ ಎಷ್ಟು ಜನರಿಗೆ ಇದು ಗೊತ್ತು? 2022ರಲ್ಲಿ ಬಾವುಟಗುಡ್ಡೆಯಲ್ಲಿ ಕೆದಂಬಾಡಿ ರಾಮಯ್ಯ ಗೌಡರ ಪ್ರತಿಮೆ ನಿಂತ ಮೇಲೆ ಕೇಳುವವರು ಸ್ವಲ್ಪ ಜಾಸ್ತಿಯಾಗಿದ್ದಾರೆ. ಘಟ್ಟದ ಮೇಲೆ ನಂದಗಡದಲ್ಲಿ ಸಂಗೊಳ್ಳಿ ರಾಯಣ್ಣನ ಸಮಾಧಿಯ ಆಲದ ಮರಕ್ಕೆ ಮಕ್ಕಳಾಗಲಿ ಅಂತ ತೊಟ್ಟಿಲು ಕಟ್ಟುತ್ತಾರೆ. ಕಂಪನಿಯ ಕಾಗದದಲ್ಲಿ ಇವರೆಲ್ಲ ಗಲ್ಲಿಗೆ ಯೋಗ್ಯರಾದ ಅಪರಾಧಿಗಳೇ. ಆ ನೇಣಿನ ಕಾನೂನನ್ನು ನಮಗೆ ಬಿಟ್ಟುಹೋದ ಬ್ರಿಟಿಷರು, ತಮ್ಮ ಊರಲ್ಲಿ 1964ರ ನಂತರ ಯಾರನ್ನೂ ನೇಣಿಗೆ ಹಾಕಿಲ್ಲ.

ಗಾಂಧೀಜಿ, ಅಂಬೇಡ್ಕರ್ ಏನಂದಿದ್ದರು?

ಗಾಂಧಿ ಗಲ್ಲನ್ನು ವಿರೋಧಿಸುತ್ತಿದ್ದರು. ಅಂಬೇಡ್ಕರ್ 1949ರ ಜೂನ್‌ನಲ್ಲಿ ಸಂವಿಧಾನ ಸಭೆಯಲ್ಲಿ, ಗಲ್ಲಿನ ಮೇಲ್ಮನವಿ ಹೇಗಿರಬೇಕು ಅಂತ ಚರ್ಚೆ ಬಂದಾಗ, ಅದಕ್ಕಿಂತ ಗಲ್ಲನ್ನೇ ತೆಗೆಯುವುದು ಒಳ್ಳೆಯದು ಅನ್ನುವ ಅರ್ಥದಲ್ಲಿ ಮಾತಾಡಿದ್ದರು. ಅದೇ ವರ್ಷ ನವೆಂಬರಿನಲ್ಲಿ ಗೋಡ್ಸೆಯನ್ನು ನೇಣಿಗೆ ಹಾಕಲಾಯಿತು. ಬೇಡ ಅಂತ ಮನವಿ ಮಾಡಿದವರಲ್ಲಿ ಗಾಂಧಿಯ ಇಬ್ಬರು ಮಕ್ಕಳೂ ಇದ್ದರು.

ಪಕ್ಷಗಳ ನಿಲುವು ಏನು?

ತತ್ವದ ನಿಲುವು ಇರುವ ಪಕ್ಷ ಕಡಿಮೆ. 2013ರಲ್ಲಿ ಸಿಪಿಎಂ ಗಲ್ಲು ಬೇಡ ಅಂತ ತೀರ್ಮಾನಿಸಿತು. 2015ರಲ್ಲಿ ತ್ರಿಪುರಾ ವಿಧಾನಸಭೆ ಹಾಗೆ ಗೊತ್ತುವಳಿ ಮಾಡಿತು. ಉಳಿದವರದ್ದು ಪ್ರಕರಣ ನೋಡಿಕೊಂಡು. ರಾಜೀವ್ ಗಾಂಧಿ ಹಂತಕರ ವಿಷಯದಲ್ಲಿ ತಮಿಳುನಾಡಿನ ಎರಡೂ ದ್ರಾವಿಡ ಪಕ್ಷಗಳು ಗಲ್ಲಿಗೆ ಅಡ್ಡ ನಿಂತವು. ಪಂಜಾಬಿನ ಮುಖ್ಯಮಂತ್ರಿ ಆಗಿದ್ದ ಬಿಯಾಂತ್ ಸಿಂಗ್ ಹಂತಕ ರಾಜೋನಾ ವಿಷಯದಲ್ಲಿ ಅಲ್ಲಿನ ಅಕಾಲಿಗಳು ಅಡ್ಡ ನಿಂತರು. ಇತ್ತ 2019ರಲ್ಲಿ ಆಂಧ್ರ, 2024ರಲ್ಲಿ ಪಶ್ಚಿಮ ಬಂಗಾಳ, ಒಂದೊಂದು ಭೀಕರ ಪ್ರಕರಣ ಆದ ಕೂಡಲೇ ಅತ್ಯಾಚಾರಕ್ಕೆ ಗಲ್ಲು ಅಂತ ಮಸೂದೆ ಪಾಸು ಮಾಡಿದವು. ಮಸೂದೆ ಮಾಡುವುದಕ್ಕೆ ಖರ್ಚಿಲ್ಲ. ಫೊರೆನ್ಸಿಕ್ ಲ್ಯಾಬಿಗೆ ಜನ ಹಾಕುವುದಕ್ಕೆ ಖರ್ಚು ಉಂಟು.

ಕರಾವಳಿಯಲ್ಲಿ ಇನ್ನೊಂದು ಲೆಕ್ಕ ಸೇರುತ್ತದೆ. ಹೆಣದ ಧರ್ಮ ಯಾವುದು, ಆರೋಪಿಯ ಧರ್ಮ ಯಾವುದು ಅಂತ ತಿಳಿದ ಮೇಲೆ ಹೇಳಿಕೆ ಬರುತ್ತದೆ. ಎಲ್ಲ ಕಡೆಯವರದ್ದೂ ಇದೇ ಕಥೆ, ಒಬ್ಬರನ್ನೇ ಬೈದರೆ ಆಗುವುದಿಲ್ಲ.

ಗಲ್ಲು ಇದ್ದರೆ ಅಪರಾಧ ಕಡಿಮೆ ಆಗುತ್ತಲ್ವಾ?

ಆಗುತ್ತದೆ ಅನ್ನುವುದಕ್ಕೆ ಗಟ್ಟಿ ಆಧಾರ ಯಾರಿಗೂ ಸಿಕ್ಕಿಲ್ಲ. ಅಮೆರಿಕದ ರಾಷ್ಟ್ರೀಯ ಸಂಶೋಧನಾ ಮಂಡಳಿ ದಶಕಗಳ ಅಧ್ಯಯನಗಳನ್ನೆಲ್ಲ ಜಾಲಾಡಿ, ಇವುಗಳಿಂದ ಹೌದು ಅಂತಲೂ ಇಲ್ಲ ಅಂತಲೂ ಹೇಳಲಾಗದು ಅಂತ 2012ರಲ್ಲಿ ಬರೆಯಿತು. ಕೆನಡಾ 1976ರಲ್ಲಿ ಕೊಲೆಗೆ ಗಲ್ಲು ತೆಗೆದ ಮೇಲೆ ಕೊಲೆಗಳ ಪ್ರಮಾಣ ಏರಲಿಲ್ಲ, ಬರಬರುತ್ತಾ ಇಳಿಯಿತು.

ಮಕ್ಕಳ ಮೇಲಿನ ಅತ್ಯಾಚಾರದ ವಿಷಯದಲ್ಲಿ ನನಗೆ ನಿಜವಾದ ಹೆದರಿಕೆ ಉಂಟು. 12 ವರ್ಷದ ಒಳಗಿನ ಹೆಣ್ಣುಮಕ್ಕಳ ಪ್ರಕರಣಕ್ಕೆ 2018ರಲ್ಲಿ ಗಲ್ಲು ಸೇರಿಸಿದರು. ಇಂಥ ಪ್ರಕರಣಗಳಲ್ಲಿ ಆರೋಪಿ ಬಹಳ ಸಲ ಮಾವನೋ, ದೊಡ್ಡಪ್ಪನೋ, ಪಕ್ಕದ ಮನೆಯವನೋ ಆಗಿರುತ್ತಾನೆ. ದೂರು ಕೊಟ್ಟರೆ ಅವನಿಗೆ ನೇಣು ಅಂತ ಗೊತ್ತಾದರೆ ಅಜ್ಜಿಯೇ ಮಗುವಿನ ಬಾಯಿ ಮುಚ್ಚಿಸುತ್ತಾಳೆ.

ನಿರಪರಾಧಿಯನ್ನು ನೇಣಿಗೆ ಹಾಕಿದರೆ?

ನಮ್ಮ ಜಿಲ್ಲೆಯವರಿಗೆ ಇದನ್ನು ವಿವರಿಸುವುದು ಸುಲಭ. 2012ರಲ್ಲಿ ಬೆಳ್ತಂಗಡಿ ತಾಲೂಕಿನಲ್ಲಿ ಕಾಲೇಜಿನಿಂದ ಮನೆಗೆ ಹೊರಟ ಹುಡುಗಿಯ ಅತ್ಯಾಚಾರ, ಕೊಲೆ ಆಯಿತು. ಬೇಗನೆ ಒಬ್ಬನನ್ನು ಹಿಡಿದರು. ಅವನು ಅಲ್ಲ ಅಂತ ಹುಡುಗಿಯ ಮನೆಯವರೇ ಹೇಳುತ್ತಾ ಬಂದರು. 2023ರ ಜೂನ್‌ನಲ್ಲಿ ಸಿಬಿಐ ವಿಶೇಷ ಕೋರ್ಟು ಅವನನ್ನು ಖುಲಾಸೆ ಮಾಡಿತು. ಜನರ ಸಿಟ್ಟನ್ನು ತಣಿಸಲು ಮೊದಲ ವರ್ಷವೇ ಗಲ್ಲು ಕೊಟ್ಟು ಮುಗಿಸಿದ್ದರೆ? ಫಾಸ್ಟ್ ಟ್ರ್ಯಾಕ್ ಬೇಕು ಅನ್ನುವವರು ಇದನ್ನೂ ಯೋಚಿಸಬೇಕು.

ಜಪಾನಿನಲ್ಲಿ ಇವಾವೊ ಹಕಮಡ ಅನ್ನುವ ಮಾಜಿ ಬಾಕ್ಸರನಿಗೆ 1968ರಲ್ಲಿ ಗಲ್ಲು ವಿಧಿಸಿದರು. 2024ರ ಸೆಪ್ಟೆಂಬರಿನಲ್ಲಿ ಅವನು ನಿರ್ದೋಷಿ ಅಂತ ಕೋರ್ಟು ಹೇಳಿತು, ಸಾಕ್ಷ್ಯವನ್ನು ತನಿಖೆಯವರೇ ಸೃಷ್ಟಿಸಿದ್ದರು ಅಂತಲೂ ಹೇಳಿತು. ಅಷ್ಟೊತ್ತಿಗೆ ಅವನಿಗೆ 88 ವರ್ಷ, ಮನಸ್ಸು ಹಿಡಿತದಲ್ಲಿ ಇರಲಿಲ್ಲ.

ಸರ್, ಎನ್‌ಕೌಂಟರ್ ಮಾಡಿದರೆ ಖರ್ಚೂ ಕಮ್ಮಿ, ಟೈಮೂ ಉಳಿಯುತ್ತಲ್ವಾ?

ಉಡುಪಿಯ ಒಂದು ಕಾಲೇಜಿನಲ್ಲಿ ಹಿಂದಿನ ಬೆಂಚಿನಿಂದ ಬಂದ ಪ್ರಶ್ನೆ, ಹಾಗೇ ಬರೆದಿದ್ದೇನೆ. ಚಪ್ಪಾಳೆಯೂ ಬಿತ್ತು. ನಾನು 2019ರ ಡಿಸೆಂಬರಿನ ಹೈದರಾಬಾದ್ ಪ್ರಕರಣ ಹೇಳಿದೆ. ಪಶುವೈದ್ಯೆಯ ಕೊಲೆಯ ನಾಲ್ವರು ಆರೋಪಿಗಳನ್ನು ಪೊಲೀಸರು ಗುಂಡಿಟ್ಟು ಕೊಂದರು, ಜನ ಹೂವು ಎರಚಿದರು. ಸುಪ್ರೀಂ ಕೋರ್ಟು ನೇಮಿಸಿದ ಸಿರ್ಪುರ್ಕರ್ ಆಯೋಗ 2022ರಲ್ಲಿ, ಪೊಲೀಸರು ಬೇಕೆಂದೇ ಕೊಂದರು ಅಂತ ವರದಿ ಕೊಟ್ಟಿತು. ಅವರಲ್ಲಿ ಅಪ್ರಾಪ್ತರು ಇದ್ದರು ಅಂತಲೂ ಹೇಳಿತು. ಆಮೇಲೆ ಒಂದೇ ಕೇಳಿದೆ: "ರಾತ್ರಿ ಹತ್ತು ಗಂಟೆಗೆ ಬೈಕಿನಲ್ಲಿ ಹೋಗುವಾಗ ಪೊಲೀಸರು ಕೈ ಅಡ್ಡ ಹಾಕಿದರೆ, ಅವರು ಹೇಳಿದ್ದೆಲ್ಲ ಸತ್ಯ ಅಂತ ಒಪ್ಪುತ್ತೀಯಾ?" ಅವನು ನಕ್ಕ. "ಅದು ಬೇರೆ ಸರ್" ಅಂದ.

ಗಲ್ಲು ಬಡವರಿಗೆ ಮಾತ್ರವಾ?

ಮಾತ್ರ ಅಲ್ಲ, ಆದರೆ ಹೆಚ್ಚಾಗಿ ಹೌದು. ದೆಹಲಿಯ ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯ ಗಲ್ಲಿನ ಕೈದಿಗಳನ್ನು ಮಾತಾಡಿಸಿ 2016ರಲ್ಲಿ ವರದಿ ಮಾಡಿತು. ನಾಲ್ವರಲ್ಲಿ ಮೂವರು ಆರ್ಥಿಕವಾಗಿ ತೀರಾ ಹಿಂದುಳಿದವರು. ಒಳ್ಳೆಯ ವಕೀಲ ಮೊದಲ ದಿನದಿಂದ ಇದ್ದರೆ ಪ್ರಕರಣ ಹೋಗುವ ದಾರಿಯೇ ಬೇರೆ. ಕೋರ್ಟಿನ ವರಾಂಡದಲ್ಲಿ ನಿಂತವರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. 2015ರಲ್ಲಿ ಕಾನೂನು ಆಯೋಗ ತನ್ನ 262ನೇ ವರದಿಯಲ್ಲಿ ಭಯೋತ್ಪಾದನೆ ಬಿಟ್ಟು ಉಳಿದದ್ದಕ್ಕೆ ಗಲ್ಲು ತೆಗೆಯಿರಿ ಅಂದದ್ದಕ್ಕೆ ಇದೂ ಒಂದು ಕಾರಣ.

ಗಲ್ಲು ಬರೆದ ಮೇಲೆ ನ್ಯಾಯಾಧೀಶರು ಪೆನ್ನಿನ ನಿಬ್ ಮುರಿಯುತ್ತಾರಾ?

ಕೆಲವರು ಮುರಿಯುತ್ತಿದ್ದರು. ಅದು ರೂಢಿ, ಕಾನೂನು ಅಲ್ಲ. ಈಗ ತೀರ್ಪು ಕಂಪ್ಯೂಟರಿನಲ್ಲಿ ಟೈಪಾಗುತ್ತದೆ.

ಬೇರೆ ದೇಶಗಳಲ್ಲಿ ಹೇಗೆ?

ಮೂರರಲ್ಲಿ ಎರಡಕ್ಕಿಂತ ಹೆಚ್ಚು ದೇಶಗಳು ಕಾನೂನಿನಲ್ಲೋ ರೂಢಿಯಲ್ಲೋ ಬಿಟ್ಟಿವೆ. ನೆರೆಯ ನೇಪಾಳ, ಭೂತಾನದಲ್ಲಿ ಇಲ್ಲ. ಶ್ರೀಲಂಕಾದಲ್ಲಿ ಶಿಕ್ಷೆ ಕೊಡುತ್ತಾರೆ, ಆದರೆ 1976ರ ನಂತರ ಯಾರನ್ನೂ ನೇಣಿಗೆ ಹಾಕಿಲ್ಲ. ಯುರೋಪಿನ ಒಕ್ಕೂಟಕ್ಕೆ ಸೇರಬೇಕಾದರೆ ಗಲ್ಲು ತೆಗೆಯಲೇಬೇಕು. ಅದಕ್ಕೇ ಪೋರ್ಚುಗಲ್ ಮುಂಬೈ ಸ್ಫೋಟದ ಆರೋಪಿ ಅಬು ಸಲೇಂನನ್ನು 2005ರಲ್ಲಿ ನಮಗೆ ಒಪ್ಪಿಸುವಾಗ, ಗಲ್ಲಿಗೇರಿಸುವುದಿಲ್ಲ ಅಂತ ನಮ್ಮ ಸರ್ಕಾರದಿಂದ ಮಾತು ತೆಗೆದುಕೊಂಡಿತು. ಫ್ರಾನ್ಸ್ 1981ರಲ್ಲಿ ತೆಗೆದಾಗ ಅಲ್ಲಿನ ಹೆಚ್ಚಿನ ಜನ ಗಲ್ಲಿನ ಪರವೇ ಇದ್ದರು. ಅತಿ ಹೆಚ್ಚು ಜನರನ್ನು ಕೊಲ್ಲುವುದು ಚೀನಾ, ಲೆಕ್ಕ ಹೊರಗೆ ಬಿಡುವುದಿಲ್ಲ. ಆಮೇಲೆ ಇರಾನ್, ಸೌದಿ. ವಿಶ್ವಸಂಸ್ಥೆಯಲ್ಲಿ ಗಲ್ಲಿಗೆ ತಡೆ ಹಾಕೋಣ ಅನ್ನುವ ಗೊತ್ತುವಳಿ ಬಂದಾಗೆಲ್ಲ ಭಾರತ ವಿರೋಧವಾಗಿ ಮತ ಹಾಕುತ್ತಾ ಬಂದಿದೆ.

ಗಲ್ಫ್‌ನಲ್ಲಿ ನಮ್ಮವರು ಸಿಕ್ಕಿಬಿದ್ದರೆ?

ಮನೆಗೊಬ್ಬರು ಗಲ್ಫಿನಲ್ಲಿರುವ ಊರು ನಮ್ಮದು, ಹಾಗಾಗಿ ಈ ಪ್ರಶ್ನೆ ಸುಮ್ನೆ ಬರುವುದಲ್ಲ. ಗಲ್ಲು ಬೇಕು ಅನ್ನುವವರೂ ಇಲ್ಲಿ ದನಿ ತಗ್ಗಿಸಿ ಕೇಳುತ್ತಾರೆ.

ಕೋಝಿಕ್ಕೋಡಿನ ಅಬ್ದುಲ್ ರಹೀಮ್ ಸೌದಿಯಲ್ಲಿ ಡ್ರೈವರ್ ಆಗಿ ಹೋದವನು. ಅವನು ನೋಡಿಕೊಳ್ಳುತ್ತಿದ್ದ ಅಂಗವಿಕಲ ಹುಡುಗನ ಸಾವಿಗೆ ಗಲ್ಲು ಶಿಕ್ಷೆಯಾಗಿತ್ತು. 2024ರಲ್ಲಿ ಕೇರಳದವರು, ಹೊರಗಿನವರು ಎಲ್ಲ ಸೇರಿ ಸುಮಾರು 34 ಕೋಟಿ ರೂಪಾಯಿ ಒಟ್ಟು ಮಾಡಿದರು. ಹುಡುಗನ ಕುಟುಂಬ ಪರಿಹಾರ ಧನ ಒಪ್ಪಿತು, ಗಲ್ಲು ರದ್ದಾಯಿತು. ಯೆಮೆನ್‌ನಲ್ಲಿರುವ ಪಾಲಕ್ಕಾಡಿನ ನರ್ಸ್ ನಿಮಿಷಾ ಪ್ರಿಯಾಳ ಗಲ್ಲು 2025ರ ಜುಲೈ 16ಕ್ಕೆ ನಿಗದಿಯಾಗಿ, ಹಿಂದಿನ ದಿನ ಮುಂದಕ್ಕೆ ಹೋಯಿತು. ಆದರೆ ಅಲ್ಲಿನ ಕುಟುಂಬದವರು ಹಣ ಬೇಡ, ಶಿಕ್ಷೆಯೇ ಆಗಲಿ ಅಂದರು. ಆ ಮಾತು ಕೇಳಿ ನಮ್ಮಲ್ಲಿ ಬೇಜಾರು ಮಾಡಿಕೊಂಡವರು, ಅದೇ ಮಾತನ್ನು ಇಲ್ಲಿನ ಪ್ರಕರಣದಲ್ಲಿ ತಾವೂ ಆಡಿದವರೇ.

ಇನ್ನು ಮಾಡಬೇಕಾದ್ದು. ಬಂಧನ ಆದ ಸುದ್ದಿ ಸಿಕ್ಕಿದ ಕೂಡಲೇ ಅಲ್ಲಿನ ಭಾರತೀಯ ರಾಯಭಾರ ಕಚೇರಿಗೆ ತಿಳಿಸಿ, ವಿದೇಶಾಂಗ ಇಲಾಖೆಯ ಮದದ್ ಪೋರ್ಟಲಿನಲ್ಲಿ ದೂರು ದಾಖಲಿಸಿ ನಂಬರು ಇಟ್ಟುಕೊಳ್ಳಿ. ಪಾಸ್‌ಪೋರ್ಟ್, ವೀಸಾ, ಕೆಲಸದ ಕರಾರಿನ ಪ್ರತಿ ಮನೆಯಲ್ಲಿ ಇರಲಿ. ಅರಬಿಯಲ್ಲಿ ಬರೆದ ಹೇಳಿಕೆಗೆ ಅರ್ಥ ಗೊತ್ತಿಲ್ಲದೆ ಸಹಿ ಹಾಕಬೇಡ, ದುಭಾಷಿ ಬೇಕು ಅಂತ ಕೇಳು ಅಂತ ಹೋಗುವ ಮೊದಲೇ ಹುಡುಗರಿಗೆ ಹೇಳಿ ಕಳಿಸಿ. ಪರಿಹಾರ ಧನದ ಮಾತುಕತೆಯನ್ನು ಊರಿನ ಪರಿಚಯದ ಏಜೆಂಟರ ಕೈಗೆ ಕೊಡಬೇಡಿ. ವಕೀಲರ ಮೂಲಕ, ರಾಯಭಾರ ಕಚೇರಿಗೆ ಗೊತ್ತಿರುವ ಹಾಗೆ ನಡೆಯಲಿ. ಹಣ ಒಟ್ಟು ಮಾಡುವ ಮೆಸೇಜು ವಾಟ್ಸಾಪಿನಲ್ಲಿ ಬಂದರೆ ಖಾತೆ ಯಾರ ಹೆಸರಿನಲ್ಲಿದೆ ಅಂತ ಮೊದಲು ನೋಡಿ.